ನಾನು ಬಿಟ್ಟುಬಿಟ್ಟ ಎರಡು ಪದ

ಧಾರವಾಡದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ ನನ್ನೂರು ದುಂಡಸಿಗೆ ಮರಳಿ ಹತ್ತು ತಿಂಗಳಾಗಿದ್ದಾಗ ನನಗೆ ಮೂರು ವಾರದ ಒಂದು ಕೆಲಸ ಸಿಕ್ಕಿತು. ಆ ಹತ್ತು ತಿಂಗಳು ಮನೆಯಲ್ಲಿ ಒಂದು ಕಡೆ ನೆಟ್ಟಗೆ ಕುಳಿತದ್ದೇ ನೆನಪಿಲ್ಲ. ಬೆಳಗಿನ ಬಸ್ಸಿಗೆ ಶಿಗ್ಗಾವಿಗೆ ಹೋಗಿ ಗ್ರಂಥಾಲಯದಲ್ಲಿ ಪತ್ರಿಕೆಗಳ ಜಾಹೀರಾತು ನೋಡುತ್ತಿದ್ದೆ, ಮಧ್ಯಾಹ್ನದ ಬಸ್ಸಿಗೆ ವಾಪಸು ಬರುತ್ತಿದ್ದೆ. ಬಂದ ಮೇಲೆ ಹಿತ್ತಲಿಗೂ ಪಡಸಾಲೆಗೂ ಸುಮ್ಮನೆ ಓಡಾಡುತ್ತಿದ್ದೆ. “ಒಂದ ಕಡೆ ಕುಂದ್ರವಾ, ನಿನ್ನ ನೋಡಿ ನನಗ ತಲಿ ತಿರಗತೈತಿ,” ಎಂದು ಅವ್ವ ಬೈಯುತ್ತಿದ್ದಳು.

ಏಪ್ರಿಲ್ ಕೊನೆಯಲ್ಲಿ ಶಿಗ್ಗಾವಿಯ ಒಂದು ಸಣ್ಣ ಸಂಸ್ಥೆಯಿಂದ ಫೋನು ಬಂತು. ಕೆನಡಾದ ಒಂದು ವಿಶ್ವವಿದ್ಯಾಲಯದ ಆರು ಜನ ವಿದ್ಯಾರ್ಥಿಗಳು ಮೂರು ವಾರ ನಮ್ಮ ಕಡೆ ಇರಲಿಕ್ಕೆ ಬರುತ್ತಾರೆ, ಒಬ್ಬೊಬ್ಬರಿಗೆ ಒಬ್ಬೊಬ್ಬ ದುಭಾಷಿ ಬೇಕು, ಬರುತ್ತೀರಾ ಎಂದು ಕೇಳಿದರು. ಅವರು ಓದುತ್ತಿದ್ದ ವಿಷಯ ಅಂತರರಾಷ್ಟ್ರೀಯ ಅಭಿವೃದ್ಧಿ. ಬೇಸಿಗೆಯಲ್ಲಿ ಹೊರದೇಶಕ್ಕೆ ಹೋಗಿ, ಒಂದು ಸಾಮಾಜಿಕ ಪ್ರಶ್ನೆಯನ್ನು ಹಿಡಿದು, ಜನರನ್ನು ಮಾತನಾಡಿಸಿ ಪ್ರಬಂಧ ಬರೆದರೆ ಅವರಿಗೆ ಅಂಕ ಸಿಗುತ್ತಿತ್ತು. ನಾನು ಧಾರವಾಡದಲ್ಲಿ ಕುಳಿತು ಓದಿದ್ದೂ ಇದೇ ಅಭಿವೃದ್ಧಿಯೇ. ಅವರಿಗೆ ‘ಹೊರದೇಶ’ವಾಗಿ ಕಂಡದ್ದು ನನ್ನ ಊರು, ಅಷ್ಟೇ ವ್ಯತ್ಯಾಸ. ಮರುದಿನವೇ ಹೋಗಿ ಹೆಸರು ಬರೆಸಿ ಬಂದೆ.

ನನ್ನ ಪಾಲಿಗೆ ಬಂದವಳು ಇಪ್ಪತ್ತೊಂದು ವರ್ಷದ, ನನಗಿಂತ ಒಂದು ಗೇಣು ಎತ್ತರದ ಹುಡುಗಿ. ಎರಡನೇ ದಿನಕ್ಕೇ ಬಿಸಿಲಿಗೆ ಮೂಗು ಕೆಂಪಾಗಿ ಸುಲಿದಿತ್ತು. ಅವಳ ತಂದೆ ಹೈನು ಮಾಡುವವರು, ಮನೆತುಂಬ ದನ. ನಮ್ಮ ತಾಲೂಕುಗಳಲ್ಲಿ ಹುಡುಗಿಯರು ಶಾಲೆ ಬಿಡುವುದು ಯಾಕೆ ಎಂಬುದು ಅವಳ ಪ್ರಶ್ನೆ. ಬೆರಳುದ್ದದ ಧ್ವನಿಮುದ್ರಣದ ಯಂತ್ರವೊಂದನ್ನು ಕೊರಳಿಗೆ ಹಾಕಿಕೊಂಡಿದ್ದಳು. ಮಾತು ಶುರುವಾಗುವ ಮೊದಲು ಅದನ್ನು ತೋರಿಸಿ, “ಚಾಲೂ ಮಾಡ್ಲ್ಯಾ?” ಎಂದು ನಾನು ಕಲಿಸಿದ ಕನ್ನಡದಲ್ಲಿ ಕೇಳುತ್ತಿದ್ದಳು. ಹೆಂಗಸರು ನಕ್ಕು ಹ್ಞೂಂ ಅನ್ನುತ್ತಿದ್ದರು.

ಮೊದಲ ಸುಳ್ಳು ನಾನು ಹೇಳಿದ್ದು ಹಾನಗಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ. ಮಾವಿನ ತೋಟದಲ್ಲಿ ಕಾಯಿ ಆರಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ನಮ್ಮ ಪ್ರಶ್ನೆ ಕೇಳಿ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಎಸೆದು ಹೇಳಿದಳು: “ಹ್ವಾದ ವರ್ಷನೂ ಯಾರೋ ಬಂದು ಇದನ್ನ ಬರಕೊಂಡು ಹ್ವಾದ್ರು. ಬರಕೊಂಡಿದ್ದು ಎಲ್ಲಿ ಹೋತು ಅಂತ ಕೇಳವಾ ಮೊದಲ. ಆಮ್ಯಾಲ ನಾ ಹೇಳ್ತೇನಿ.”

ಹುಡುಗಿ ನನ್ನ ಮುಖ ನೋಡುತ್ತಿದ್ದಳು. ಅವಳು ಬಂದು ನಾಲ್ಕು ದಿನವಾಗಿತ್ತು, ಹೊಟ್ಟೆ ಕೆಟ್ಟು ನಿತ್ರಾಣವಾಗಿದ್ದಳು. “ಇದು ಬಹಳ ಮುಖ್ಯವಾದ ಪ್ರಶ್ನೆ, ನೀವು ಬಂದದ್ದು ಸಂತೋಷ ಅನ್ನುತ್ತಿದ್ದಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವಳು ಎದೆಗೆ ಕೈ ಇಟ್ಟು ಆ ಹೆಂಗಸಿಗೆ ಬಗ್ಗಿ ನಮಸ್ಕರಿಸಿದಳು. ಆ ಹೆಂಗಸು ಎರಡು ಮಾವಿನಹಣ್ಣು ಕೊಟ್ಟು ಕಳಿಸಿದಳು. ಬಸ್ಸಿನಲ್ಲಿ ಹುಡುಗಿ ಹಣ್ಣು ತಿಂದಳು. ನನ್ನ ಪಾಲಿನದನ್ನು ನಾನು ಚೀಲಕ್ಕೆ ಹಾಕಿಕೊಂಡೆ.

ಮುಂದೆ ಅದು ಸುಲಭವಾಯಿತು. ಹಿರೇಕೆರೂರು ಕಡೆ ಅಬಲೂರಿನಲ್ಲಿ ಗುಡಿಯ ನೆರಳಿಗೆ ಅತ್ತೆ ಸೊಸೆ ಇಬ್ಬರೂ ಕುಳಿತಿದ್ದರು. ಸೊಸೆಗೆ ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಟ್ಟಳು. ನಾವು ಎದ್ದು ಹೊರಟಾಗ ಸೊಸೆ ನನ್ನ ತೋಳು ಮುಟ್ಟಿ ಮೆಲ್ಲಗೆ, “ನಾ ಪಿಯುಸಿ ಫಸ್ಟ್ ಕ್ಲಾಸಿನ್ಯಾಗ ಪಾಸಾಗೇನಿ ಅಂತ ಅವರಿಗೆ ಹೇಳ್ರಿ,” ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಸೀಟು ಹಿಡಿಯುವ ಗದ್ದಲದಲ್ಲಿ ಮರೆತೆ. ನೆನಪಾದಾಗ ಹಿರೇಕೆರೂರು ದಾಟಿತ್ತು, ಇನ್ನೇನು ಹೇಳುವುದು ಅನಿಸಿತು.

ಸಂಜೆ ಶಿಗ್ಗಾವಿಯಲ್ಲಿ ಅವರು ಉಳಿದಿದ್ದ ಮನೆಯ ಮಾಳಿಗೆಯ ಮೇಲೆ ಆರೂ ಜನ ವಿದ್ಯಾರ್ಥಿಗಳು, ಅವರ ಜೊತೆ ಬಂದಿದ್ದ ಪ್ರಾಧ್ಯಾಪಕಿ ಸುತ್ತಲೂ ಕುಳಿತು, ಆ ದಿನ ಯಾವುದು ತಮ್ಮ ಮನಸ್ಸು ಕದಡಿತು ಎಂದು ಒಬ್ಬೊಬ್ಬರೇ ಹೇಳಬೇಕಿತ್ತು. ಒಂದು ಸಂಜೆ ನನ್ನ ಹುಡುಗಿ, “ಮೂರು ವಾರದಲ್ಲಿ ನಾನು ಇವರಿಗೆ ಏನು ಕೊಟ್ಟು ಹೋಗುತ್ತೇನೆ?” ಎಂದು ಕೇಳಿ ಅತ್ತಳು. ಪ್ರಾಧ್ಯಾಪಕಿ, “ಸರಿಯಾಗಿ ಕೇಳಿಸಿಕೊಂಡು ಹೋಗು, ಸದ್ಯಕ್ಕೆ ಅಷ್ಟು ಸಾಕು,” ಎಂದರು. ದುಭಾಷಿಗಳನ್ನು ಯಾರೂ ಏನೂ ಕೇಳಲಿಲ್ಲ. ನಾನು ಎದ್ದು ಮೆಟ್ಟಿಲಿಳಿದು, ಇನ್ನೂ ಬಾರದ ಬಸ್ಸಿಗೆ ರಸ್ತೆಯಲ್ಲಿ ಕಾಯುತ್ತ ನಿಂತೆ.

ಎರಡನೇ ವಾರ ಅವಳು ನಮ್ಮ ಮನೆ ನೋಡಬೇಕೆಂದಳು. ಅದು ಶಾವಿಗೆಯ ದಿನ. ಹತ್ತಿಮತ್ತೂರಿಗೆ ಕೊಟ್ಟಿದ್ದ ನನ್ನ ಅಕ್ಕ ಅವ್ವನಿಗೆ ಕೈಜೋಡಿಸಲು ಎರಡು ದಿನ ಬಂದಿದ್ದಳು. ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಬಟ್ಟೆ ಹಾಸಿ ಶಾವಿಗೆ ಒಣಹಾಕಿದ್ದರು. ಹುಡುಗಿ ಬಂದವಳೇ ಮೊದಲು ಕೊಟ್ಟಿಗೆಗೆ ನುಗ್ಗಿದಳು. ಕರು ಹಾಕಿ ನಾಲ್ಕು ದಿನವಾಗಿದ್ದ ಆಕಳ ಕೆಚ್ಚಲು ಬಾತು ಗಟ್ಟಿಯಾಗಿತ್ತು, ಮುಟ್ಟಲಿಕ್ಕೆ ಬಿಡುತ್ತಿರಲಿಲ್ಲ. ಅವಳು ಬಿಸಿನೀರು ಕೇಳಿ, ಬಟ್ಟೆ ಅದ್ದಿ, ಆಕಳಿನ ಹೊಟ್ಟೆಗೆ ಹಣೆ ಹಚ್ಚಿ ಕುಳಿತು, ನಿಧಾನಕ್ಕೆ ಕೆಚ್ಚಲು ನೀವಿ ಹಾಲು ಇಳಿಸಿದಳು. ಅಪ್ಪ ಬಾಯಿ ಬಿಟ್ಟು ನೋಡುತ್ತಿದ್ದ. “ಈಕಿಗೆ ದನ ಗೊತ್ತೈತಿ,” ಎಂದ. ಅವನಿಂದ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲ. ಅವ್ವನಿಗೆ ಮತ್ತೆರಡು ಸಲ ಅದನ್ನೇ ಹೇಳಿದ.

ಕೈ ತೊಳೆದುಕೊಂಡು ಬಂದ ಹುಡುಗಿ ಕಟ್ಟೆಯ ಮೇಲೆ ಅಕ್ಕನ ಪಕ್ಕ ಕುಳಿತು ಯಂತ್ರ ತೋರಿಸಿದಳು. ಅಕ್ಕನನ್ನು ಯಾರೂ ಹೀಗೆ ಕೂರಿಸಿಕೊಂಡು ಕೇಳಿದ್ದು ನಾನು ಕಂಡಿರಲಿಲ್ಲ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಹೆಚ್ಚು ಮಾತಿನವಳಲ್ಲ. ಅವತ್ತು ಸೆರಗಿನಿಂದ ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ನೇರವಾಗಿ ಹುಡುಗಿಯ ಮುಖ ನೋಡಿ ಹೇಳತೊಡಗಿದಳು.

“ಏಳನೇತ್ತಾ ಪಾಸಾದ ವರ್ಷ ಅವ್ವಗ ಬ್ಯಾನಿ ಆತು. ಎದ್ದು ಕುಂದರಾಕ ಆಗ್ತಿರಲಿಲ್ಲ. ಈಕಿ ಆಗ ನಾಕ ವರ್ಷದಾಕಿ. ಈಕಿಗೆ ಎರಿಯೂದು, ಉಣಸೂದು, ಅಪ್ಪಗ ಹೊಲಕ್ಕ ಬುತ್ತಿ ಕಟ್ಟೂದು, ಎಲ್ಲಾ ನಾನ ಮಾಡ್ತಿದ್ನಿ. ಜೂನಿನ್ಯಾಗ ಸಾಲಿ ಚಾಲೂ ಆತು. ನಾ ಹೋಗಲಿಲ್ಲ. ಒಂದಿನ ಮಾಸ್ತರು ಮನೀಗೆ ಬಂದ್ರು. ಚೊಲೋ ಓದೂ ಹುಡುಗಿ, ಯಾಕ ಬಿಡಿಸೀರಿ ಅಂತ ಕೇಳಿದ್ರು. ‘ಅಕಿಗೆ ಓದಾಕ ಮನಸಿಲ್ರಿ,’ ಅಪ್ಪ ಅಂದ. ನಾ ಬಾಗಲಾ ಹಿಂದ ನಿಂತಿದ್ನಿ. ಹೊರಗ ಬಂದು, ಐತ್ರಿ ಸರ್, ಮನಸೈತಿ ಅನಬೇಕಂದ್ನಿ. ಕಾಲು ಏಳಲಿಲ್ಲ. ಮಾಸ್ತರು ಚಾ ಕುಡದು ಹ್ವಾದ್ರು. ಮುಂದ ಯಾರೂ ಕೇಳಾಕ ಬರಲಿಲ್ಲ.”

ಅಷ್ಟು ಹೇಳಿ ಅಕ್ಕ ನನ್ನ ಕಡೆ ತಿರುಗಿದಳು. ಈಗ ನಾನು ಹೇಳಬೇಕಿತ್ತು.

ನಾನು ಬೆಳೆದದ್ದೇ ಆ ಒಂದು ವಾಕ್ಯದ ಮೇಲೆ. ಅಕ್ಕಗ ಓದು ಹತ್ತಲಿಲ್ಲ, ನಿನಗ ಹತ್ತೇತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಹೇಳುತ್ತಿದ್ದರು. ಅಕ್ಕನೂ ಅದನ್ನು ಕೇಳಿ ಸುಮ್ಮನಿರುತ್ತಿದ್ದಳು. ಮಾಸ್ತರು ಮನೆಗೆ ಬಂದಿದ್ದ ಸಂಗತಿಯನ್ನು ನಾನು ಕೇಳಿದ್ದು ಅದೇ ಮೊದಲು. ಆ ನಾಲ್ಕು ವರ್ಷದಾಕೆ ನಾನು. ಕಟ್ಟೆಯ ಮೇಲೆ ಕುಳಿತಲ್ಲೇ ನನ್ನ ಕಾಲು ತಾನಾಗಿ ಅಲುಗಾಡತೊಡಗಿತು. ಅಷ್ಟು ಹೊತ್ತಿಗೆ ಅಪ್ಪ ಕಾಸಿದ ಹಾಲಿನ ಲೋಟ ಹಿಡಿದು ಒಳಗಿನಿಂದ ನಗುತ್ತ ಬಂದ. ಅಕ್ಕನ ಮಾತು ಅವನಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ.

“ಅವಳಿಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ. ತಾಯಿಗೂ ಆಗ ಆರೋಗ್ಯ ಸರಿ ಇರಲಿಲ್ಲವಂತೆ,” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಅಪ್ಪ ಅಂದ ಎಂಬ ಎರಡು ಪದ ಬಿಟ್ಟೆ. ಉಳಿದದ್ದೆಲ್ಲ ಆ ಎರಡು ಪದಗಳ ಜೊತೆಗೇ ಹೋಯಿತು.

ಹುಡುಗಿ ಪೆನ್ನು ತಡೆದು, “ಅವರು ತುಂಬಾ ಹೊತ್ತು ಮಾತನಾಡಿದರಲ್ಲ?” ಎಂದಳು. “ಅದನ್ನೇ ತಿರುತಿರುಗಿ ಹೇಳಿದರು,” ಎಂದೆ. ಅವಳು ಬರೆದುಕೊಂಡಳು. ಅಪ್ಪನ ಕೈಯಿಂದ ಹಾಲು ಇಸಕೊಂಡು ಕುಡಿದಳು. ಅಕ್ಕನ ಫೋಟೋ ತೆಗೆದುಕೊಂಡಳು. ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಚೆನ್ನಾಗಿ ನಕ್ಕಳು.

ಅದರ ಮರುವಾರ ನಾವು ಸವಣೂರಿನಲ್ಲಿ ತಿರುಗಿದೆವು. ದೊಡ್ಡ ಹುಣಸೆಮರಗಳ ಕೆಳಗೆ ಕುಳಿತು ಹುಡುಗಿ ಸವಣೂರು ಖಾರ ತಿಂದು ಕಣ್ಣೀರು ಒರೆಸಿಕೊಂಡು ನಗುತ್ತಿದ್ದಳು. ನಾನು ಎದ್ದು ಮರ ಸುತ್ತುತ್ತಿದ್ದೆ. “ನಿನಗೆ ಏನಾಗಿದೆ?” ಎಂದು ಎರಡು ಸಲ ಕೇಳಿದಳು. “ಸೆಕೆ,” ಎಂದೆ. ಜನ ಹೇಳಿದ್ದನ್ನು ಈಗ ನಾನು ಒಂದಕ್ಷರ ಬಿಡದೆ ಹೇಳುತ್ತಿದ್ದೆ, ಕೆಮ್ಮಿದ್ದನ್ನೂ ಸಹ ಹೇಳುವಷ್ಟು. ಅದರಿಂದ ಹಿಂದಿನದು ಸರಿಹೋಗಲಿಲ್ಲ.

ಕೊನೆಯಲ್ಲಿ ಶಿಗ್ಗಾವಿಯ ಒಂದು ಸಭಾಂಗಣದಲ್ಲಿ ವಿದ್ಯಾರ್ಥಿಗಳು ತಾವು ಕಂಡದ್ದನ್ನು ಹೇಳುವ ಕಾರ್ಯಕ್ರಮವಿತ್ತು. ಮಾತನಾಡಿಸಿದವರನ್ನೆಲ್ಲ ಕರೆದಿದ್ದರು. ಅಕ್ಕ ಹತ್ತಿಮತ್ತೂರಿನಿಂದ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಅಪ್ಪ ಅವಳ ಪಕ್ಕದ ಕುರ್ಚಿಯಲ್ಲಿದ್ದ. ಹುಡುಗಿ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬೇಕು. ನಾಲ್ಕನೆಯದೋ ಐದನೆಯದೋ ಅಕ್ಕನ ಫೋಟೋ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಇತ್ತು. ಹಲವು ಹುಡುಗಿಯರು ಮನೆಯ ಕಷ್ಟಕ್ಕಿಂತ ಹೆಚ್ಚಾಗಿ ಸ್ವಂತ ಆಸಕ್ತಿಯ ಕೊರತೆಯಿಂದ ಶಾಲೆ ಬಿಡುತ್ತಾರೆ ಎಂದು ಶುರುವಾಗಿ, ಈ ಮಹಿಳೆಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ ಎಂದು ಮುಗಿದಿತ್ತು.

ಸಭೆ ಕಾಯುತ್ತಿತ್ತು. ಪರದೆಯ ಮೇಲೆ ಇದ್ದದ್ದನ್ನು ಹೇಳಿದರೆ ಅಕ್ಕನ ಎದುರಿಗೆ ಮೈಕು ಹಿಡಿದು ಅವಳ ಮೇಲೆ ಸುಳ್ಳು ಹೇಳಿದಂತೆ. ಅಕ್ಕ ಅಂದು ಹೇಳಿದ್ದನ್ನು ಹೇಳಿದರೆ ಊರ ಮಂದಿಯ ನಡುವೆ ಅಪ್ಪನ ತಲೆ ತಗ್ಗಿಸಿದಂತೆ. “ಇವರು ಏಳನೇ ತರಗತಿಗೆ ಶಾಲೆ ಬಿಟ್ಟರು,” ಎಂದಷ್ಟೇ ಹೇಳಿ ಮುಂದಿನ ಚಿತ್ರಕ್ಕೆ ಹೋಗು ಎಂದು ಹುಡುಗಿಗೆ ಕೈಸನ್ನೆ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಫೋನು ಎತ್ತಿ ತನ್ನ ಚಿತ್ರದ ಫೋಟೋ ತೆಗೆದುಕೊಂಡಳು.

ಚಹಾದ ಹೊತ್ತಿಗೆ ನನ್ನ ಹತ್ತಿರ ಬಂದು, “ಇಂಗ್ಲೀಷಿನ್ಯಾಗ ನಾಕ ಸಾಲ ಇತ್ತು. ನೀ ಒಂದ ಹೇಳ್ದಿ,” ಎಂದಳು.

“ಉಳಿದದ್ದು ಲೆಕ್ಕಾಚಾರದ್ದು ಅಕ್ಕ. ಎಲ್ಲಾರಿಗೂ ಸೇರಿಸಿ ಬರದಿದ್ದು.”

ಅವಳು ಹ್ಞೂಂ ಎಂದು ಬಸ್ಸಿಗೆ ಹೋದಳು.

ಅಕ್ಕ ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳ ಮೇಲಿನ ಇಂಗ್ಲಿಷನ್ನು ಫೋನಿನಲ್ಲಿ ಫೋಟೋ ತೆಗೆದು ಕನ್ನಡ ಮಾಡಿಸಿಕೊಂಡು ಓದುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಫೋನು ಮಾಡಿದಳು. ಹೇಗಿದ್ದಿ ಎಂದೂ ಕೇಳದೆ, ಶಾಲೆಯಲ್ಲಿ ಪಾಠ ಓದುವ ಧಾಟಿಯಲ್ಲಿ ಓದಿದಳು: “ಈ ಮಹಿಳೆ ಅಧ್ಯಯನಗಳಲ್ಲಿ ಆಸಕ್ತಿಯನ್ನು ಹೊಂದಿರಲಿಲ್ಲ.” ಫೋನಿನ ಕನ್ನಡ ವಕ್ರವಾಗಿತ್ತು, ಅರ್ಥ ವಕ್ರವಾಗಿರಲಿಲ್ಲ.

“ನಾ ಹಂಗ ಹೇಳಿದ್ನೇನು?” ಎಂದಳು.

“ಇಲ್ಲ ಅಕ್ಕ.”

“ಮತ್ತ ಹಂಗ ಯಾರು ಹೇಳಿದ್ರು?”

“ನಾನ.”

“ಅಪ್ಪ ಅಂದಾಗ ನಾ ಸಣ್ಣಾಕಿ, ಬಾಯಿ ಇರಲಿಲ್ಲ. ಈಗ ಬಾಯಿ ಬಿಟ್ಟು ಹೇಳಿದ್ನಲ್ಲ ತಂಗಿ. ನಿನ್ನ ಮುಂದ ಹೇಳಿದ್ನಿ,” ಎಂದಳು. ದನಿ ಏರಿಸಲಿಲ್ಲ. ಫೋನು ಇಟ್ಟಳು. ತಿರುಗಿ ಮಾಡಿದರೆ ಎತ್ತಲಿಲ್ಲ.

ಮುಂದಿನ ಬಸ್ಸು ಸಿಗುವವರೆಗೆ ತಾಳಲಾರದೆ ಹಾಲಿನ ಗಾಡಿ ಹತ್ತಿ ಶಿಗ್ಗಾವಿಗೆ ಹೋದೆ. ವಿದ್ಯಾರ್ಥಿಗಳು ಹೊರಡಲಿಕ್ಕೆ ಇನ್ನೂ ಮೂರು ದಿನವಿತ್ತು. ಹುಡುಗಿ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ಸಿಟ್ಟು ಮಾಡುತ್ತಾಳೆ, ಇಲ್ಲವೇ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕೈ ಒರೆಸಿಕೊಂಡು, “ಇನ್ನು ಎಷ್ಟು ಕಡೆ ಹೀಗೆ ಮಾಡಿದ್ದೀಯ?” ಎಂದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಒಳಗೆ ಹೋಗಿ ಯಂತ್ರ ತಂದಳು. ಎರಡು ದಿನ ನಾವಿಬ್ಬರೂ ಒಂದು ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮೊದಲಿನಿಂದ ಕೇಳಿದೆವು. ಬೇರೆಯವರ ಮಾತಿಗಿಂತ ನನ್ನ ಇಂಗ್ಲಿಷನ್ನು ಕೇಳುವುದೇ ಕಷ್ಟವಾಗಿತ್ತು. ಅಷ್ಟು ನಯವಾಗಿ, ಅಷ್ಟು ಬೇಗ, ಎಲ್ಲರ ಮಾತಿನ ಮೊನೆ ಮುರಿಯುತ್ತ ಹೋಗಿತ್ತು. ಹಾನಗಲ್ಲಿನ ಹೆಂಗಸಿನ ಮಾತನ್ನು ಈಗ ಇದ್ದ ಹಾಗೆ ಹೇಳಿದಾಗ ಹುಡುಗಿ ಕಣ್ಣು ಮುಚ್ಚಿಕೊಂಡು, “ನಾನು ಅವರಿಗೆ ನಮಸ್ಕಾರ ಮಾಡಿದೆ,” ಎಂದಳು. ಅಬಲೂರಿನ ಸೊಸೆಯ ಪಿಸುಮಾತು ಕೂಡ ಅದರಲ್ಲಿತ್ತು, ಹಿಂದೆ ಬಸ್ಸಿನ ಹಾರ್ನು. ಅಕ್ಕನ ಮಾತು ಬಂದಾಗ ನಾನು ಎದ್ದು ಕಿಟಕಿಯ ಹತ್ತಿರ ಹೋದೆ. “ಕುಳಿತುಕೊಂಡು ಹೇಳು,” ಎಂದಳು ಹುಡುಗಿ. ಕುಳಿತು ಹೇಳಿದೆ. ಮಾಸ್ತರು ಚಹಾ ಕುಡಿದು ಹೋದರು ಎಂಬಲ್ಲಿಗೆ ಅವಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು, “ಆ ಮಗು ನೀನಾ?” ಹೌದು ಎಂದೆ.

ಪ್ರಾಧ್ಯಾಪಕಿಗೂ ನಾನೇ ಹೇಳಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ದುಭಾಷಿಯ ಸ್ವಂತ ಮನೆಯವರನ್ನು ದುಭಾಷಿಯಿಂದಲೇ ಕೇಳಿಸಿದ್ದು ನಮ್ಮ ತಪ್ಪು ಎಂದರು. ಅದು ನನ್ನನ್ನು ಹಗುರ ಮಾಡಲಿಕ್ಕೆ ಹೇಳಿದ್ದೋ ಏನೋ, ಹಗುರ ಅನಿಸಲಿಲ್ಲ. ಹುಡುಗಿ ಮೊದಲಿನ ಪ್ರಬಂಧ ಬಿಟ್ಟು ಹೊಸದಾಗಿ ಬರೆದಳು. ಮಳೆಗಾಲದಲ್ಲಿ ಅದರ ಪ್ರತಿ ಮಿಂಚಂಚೆಯಲ್ಲಿ ಬಂತು. ಅಕ್ಕನ ಮಾತು ಪೂರ್ತಿ ಇತ್ತು, ಮೊದಲು ದುಭಾಷಿ ಬೇರೆ ರೀತಿ ಹೇಳಿದ್ದಳು ಎಂಬುದೂ ಇತ್ತು. ಅಂಕ ಕಡಿಮೆ ಬಂತು, ಪರವಾಗಿಲ್ಲ, ಆಕಳು ಹೇಗಿದೆ ಎಂದು ಕೆಳಗೆ ಬರೆದಿದ್ದಳು.

ಜೂನು, ಜುಲೈ ಅಕ್ಕ ನನಗೆ ಫೋನು ಮಾಡಲಿಲ್ಲ. ಅವ್ವನಿಗೆ ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಸುಳಿದಾಡುತ್ತಿದ್ದೆ. “ತಂಗಿ ಇಲ್ಲೇ ಅದಾಳ, ಕೊಡ್ಲೇನು?” ಎಂದು ಅವ್ವ ಕೇಳಿದರೆ ಆ ಕಡೆಯಿಂದ ಏನೋ ನೆವ ಬರುತ್ತಿತ್ತು. ಪ್ರಬಂಧದಲ್ಲಿ ಅವಳ ಬಗ್ಗೆ ಬರೆದ ಭಾಗವನ್ನು ನಾನು ಕೈಯಾರೆ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷನ್ನೂ ಇಟ್ಟು, ಫೋಟೋ ತೆಗೆದು ಕಳಿಸಿದೆ. ಬೇಕಾದರೆ ಫೋನಿನಲ್ಲಿ ತಾಳೆ ನೋಡಲಿ ಎಂದು. ನೋಡಿದ್ದಾಳೆ ಎಂದು ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ.

ಪಂಚಮಿಗೆ ಬರುತ್ತಾಳೋ ಇಲ್ಲವೋ ಎಂದಿದ್ದೆ. ಬಂದಳು. ಅವ್ವನ ಜೊತೆ ಕುಳಿತು ಉಂಡಿ ಕಟ್ಟಿದಳು, ನನಗೆ ಬೇಕಾದಷ್ಟೇ ಮಾತನಾಡಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಅಪ್ಪ ನನ್ನನ್ನು, “ಆ ಕೆನಡಾದಾಕಿ ಏನರ ಬರದಾಳೇನು?” ಎಂದು ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು: “ಬರದಾಳ ಅಪ್ಪ. ಏಳನೇತ್ತಾ ಆದ ವರ್ಷ ಮಾಸ್ತರು ಮನೀಗೆ ಬಂದಿದ್ದು ಬರದಾಳ. ನೀ ಅಕಿಗೆ ಮನಸಿಲ್ಲ ಅಂದಿದ್ದೂ ಬರದಾಳ.”

ಅವ್ವ ರೊಟ್ಟಿ ಹಾಕುತ್ತಿದ್ದವಳು ಹಾಗೆಯೇ ನಿಂತಳು. ಅಪ್ಪನ ಕೈ ತಾಟಿನಲ್ಲೇ ಉಳಿಯಿತು.

“ಯಾಕ ಹಂಗ ಅಂದಿ?” ಎಂದಳು ಅಕ್ಕ. ನಮ್ಮ ಮನೆಯಲ್ಲಿ ಅಪ್ಪನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಜಗಳದ ದನಿ ಇರಲಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲಿಕ್ಕೆ ಕೇಳಿದ ಹಾಗಿತ್ತು.

ಅಪ್ಪ ತಾಟು ನೋಡುತ್ತಲೇ ಮಾತನಾಡಿದ. “ಮತ್ತೇನ್ ಹೇಳ್ಬೇಕಿತ್ತವಾ ಮಾಸ್ತರಗ? ನಿಮ್ಮವ್ವ ಏಳಾಕ ಆಗದಂಗ ಬಿದ್ದಿದ್ಲು. ಮನ್ಯಾಗ ಹೆಂಗಸರು ಬ್ಯಾರೆ ಯಾರೂ ಇರಲಿಲ್ಲ. ಹಡದ ಮಗಳ್ನ ಕೆಲಸಕ್ಕ ಇಟಗೊಂಡೇನಿ ಅಂತ ಹೊರಗಿನವ್ರ ಮುಂದ ಹೇಳಾಕ ನಾಚಿಕಿ ಬಂತು. ಬಾಯಿಗೆ ಬಂದಿದ್ದು ಅಂದ್ನಿ.” ಆಮೇಲೆ ನೀರು ಕುಡಿದು, ಲೋಟ ಕೆಳಗಿಟ್ಟು, ಅಕ್ಕನ ಮುಖ ನೋಡದೆ ಹೇಳಿದ: “ನಿನಗ ಮನಸಿತ್ತು ಅಂತ ನನಗ ಗೊತ್ತಿತ್ತು.”

ಅಕ್ಕ ಅವ್ವನ ಕೈಯಿಂದ ರೊಟ್ಟಿ ತೆಗೆದುಕೊಂಡು ಅರ್ಧ ಮುರಿದು ಅಪ್ಪನ ತಾಟಿಗೆ ಹಾಕಿದಳು, ಅರ್ಧ ತಾನು ತಿಂದಳು.

ಸಂಜೆಯ ಬಸ್ಸಿಗೆ ಬಿಡಲು ನಾನು ಜೊತೆಗೆ ಹೋದೆ. ನಿಲ್ದಾಣದಲ್ಲಿ ಇಬ್ಬರೇ ಇದ್ದೆವು. ಬಸ್ಸು ದೂರದಲ್ಲಿ ಕಂಡಾಗ ಅವಳು ಚೀಲ ಹೆಗಲಿಗೆ ಹಾಕಿಕೊಂಡು, “ಮುಂದಿನ ವರ್ಷನೂ ಆ ಹುಡುಗೂರು ಬರ್ತಾರಂತಲ್ಲ. ಹತ್ತಿಮತ್ತೂರಿಗೂ ಬರಾಕ ಹೇಳು. ನಮ್ಮ ಓಣ್ಯಾಗ ಹೇಳಾವ್ರು ಭಾಳ ಮಂದಿ ಅದಾರ,” ಎಂದಳು.

“ಹೇಳ್ತೇನಿ ಅಕ್ಕ.”

“ದುಭಾಷಿ ನೀ ಬ್ಯಾಡ.”

ನಗುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಅಷ್ಟರಲ್ಲಿ ಅವಳು ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದಿದ್ದಳು, ಪಕ್ಕದ ಹೆಂಗಸಿನ ಜೊತೆ ಮಾತಿಗೂ ಕುಳಿತಿದ್ದಳು. ಬಸ್ಸು ಹೋದ ಮೇಲೆ ಮನೆಗೆ ನೇರ ಹೋಗಲಾಗಲಿಲ್ಲ. ಗೋವಿನಜೋಳದ ಹೊಲಗಳ ನಡುವಿನ ದಾರಿ ಹಿಡಿದು ಕತ್ತಲಾಗುವವರೆಗೆ ನಡೆದೆ.